ಸತ್ಯವೇದದಲ್ಲೊಂದು ಮೆಣಸಿನ ತೊಟ್ಟು

ನಮ್ಮ ಅಜ್ಜನ ಸತ್ಯವೇದ, ಅಂದರೆ ಬೈಬಲ್ಲು, ತೆರೆದರೆ ಈಗಲೂ ಮೊದಲು ಬರುವುದು ಮೆಣಸಿನಕಾಯಿಯ ಘಾಟು, ಆಮೇಲೆ ಹಳೇ ಕಾಗದದ ವಾಸನೆ. ಕಳೆದ ವಾರ ಅದನ್ನು ಪೆಟ್ಟಿಗೆಯಿಂದ ತೆಗೆದು ಎರಡು ಪುಟ ತಿರುವುವಷ್ಟರಲ್ಲಿ ಸೀನು ಬಂತು. ಬ್ಯಾಡಗಿಯ ಆ ಮನೆ ಈಗಿಲ್ಲ. ಅಜ್ಜನಿಲ್ಲ, ಅಪ್ಪನ ಅಕ್ಕ ಮಾರ್ಥತ್ತಿಯೂ ಇಲ್ಲ. ಆ ಘಾಟಿನಲ್ಲಿ ಮಾತ್ರ ನಡುಮನೆ ಹಾಗೇ ಉಳಿದಿದೆ: ಮೆಣಸಿನ ಧೂಳು ಬಾರದಿರಲೆಂದು ಮುಚ್ಚಿದ ಕಿಟಕಿ, ಅಗಳಿ ಹಾಕಿದ ಬಾಗಿಲು, ಒಳಗೆ ನಾವು ಮೂವರು. ಅಪ್ಪ ಅವ್ವ ಹಾವೇರಿಯಲ್ಲಿ ಕೆಲಸಕ್ಕಿದ್ದರು. ಐದನೇ ಇಯತ್ತೆ ಓದುತ್ತಿದ್ದ ನಾನು ಅಜ್ಜನ ಹತ್ತಿರ ಇದ್ದೆ.

ಅಜ್ಜ ಕನ್ನಡ ಸಾಲಿಯ ಮಾಸ್ತರನಾಗಿದ್ದವನು. ಕಣ್ಣು ಮಂಜಾದ ಮೇಲೆ ದಿನಾ ಸಂಜೆ ಅಧ್ಯಾಯ ಓದುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಾಲೂ ಬಿಡುವಂತಿಲ್ಲ. ಓದಿದ ಮೇಲೆ ಒಬ್ಬೊಬ್ಬರೂ ಒಂದು ಪ್ರಶ್ನೆ ಕೇಳಬೇಕು, ಅದೂ ಅವತ್ತು ಓದಿದ್ದರ ಮೇಲೆ ಮಾತ್ರ. ಕೊನೆಗೆ ಮೊಣಕಾಲೂರಿ ಪ್ರಾರ್ಥನೆ. "ಒಳಗ ಬರೂಮುಂದ ಚಪ್ಪಲಿ ಬಿಡ್ರಿ, ತಲಿ ಬಿಡಬ್ಯಾಡ್ರಿ" ಎನ್ನುತ್ತಿದ್ದ. ಓದಿದ್ದನ್ನು ನಡೆಸುವ ಮನುಷ್ಯ ಬೇರೆ. ಕಾಣಿಕೆಗಿಂತ ಮೊದಲು ಸಹೋದರನೊಡನೆ ರಾಜಿಯಾಗು ಎಂಬ ಮಾತು ಬಂದ ದಿನ, ಪ್ರಾರ್ಥನೆಗೂ ನಿಲ್ಲದೆ ಎದ್ದು ಹೋಗಿ, ಗಟಾರದ ನೀರಿನ ಜಗಳದಲ್ಲಿ ಮಾತು ಬಿಟ್ಟಿದ್ದ ನೆರೆಯವನ ಕೈ ಹಿಡಿದು ಬಂದಿದ್ದ.

ಇಂಥ ಅಜ್ಜನೇ ಮಾರ್ಥತ್ತಿಯನ್ನು ಕಟ್ಟಿಹಾಕಿದ್ದ. ಅಪ್ಪ ಕೂಸಿದ್ದಾಗ ಜ್ವರದಿಂದ ಸಾಯುವಂತಾಗಿದ್ದನಂತೆ. ಹುಡುಗ ಉಳಿದರೆ ಮಗಳ ಮದುವೆ ಮಾಡದೆ ದೇವರ ಸೇವೆಗೆ ಬಿಡುತ್ತೇನೆಂದು ಅಜ್ಜ ಹರಕೆ ಹೊತ್ತ. ಅಪ್ಪ ಉಳಿದ. ಅತ್ತಿ ಚರ್ಚಿನ ಕಸ ಗುಡಿಸುತ್ತ, ಮಿಕ್ಕ ಹೊತ್ತು ಮನೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಮೂವತ್ತೈದು ದಾಟಿದಳು. ರಾಣೆಬೆನ್ನೂರಿನ ಒಬ್ಬ ಮಾಸ್ತರರು ಎರಡು ಸಲ ಅವಳನ್ನು ಮದುವೆಗೆ ಕೇಳಿಸಿದ್ದರು. ಅವರ ಹೆಸರು ಬಂದರೆ ಸಾಕು, ಮೊರದಲ್ಲಿ ಅವಳ ಕೈ ನಿಲ್ಲುತ್ತಿತ್ತು. "ದೇವರಗುಡ್ಡದ ಗುಡಿಗೆ ಹೊತ್ತವರೂ ಹರಕಿ ತಪ್ಪಸಂಗಿಲ್ಲ, ನಾ ತಪ್ಪಸಲೇನು? ದೇವರ ವಾಕ್ಯದಾಗ ಬಿಡುಗಡಿ ಇದ್ರ ತೋರಸ್ರಿ, ನಾಳೇನ ಲಗ್ನಾ ಮಾಡ್ತೀನಿ" ಎಂದು ಕೇಳಲು ಬಂದವರಿಗೆ ಹೇಳಿದ್ದ ಅಜ್ಜ.

ಸತ್ಯವೇದದಲ್ಲಿ ಬರೀ ಕಟ್ಟಳೆಗಳೇ ತುಂಬಿದ ಯಾಜಕಕಾಂಡ ಓದಿದ ದಿನಗಳು ನನಗಂತೂ ಸೆರೆಮನೆ. ಯಾವ ಪ್ರಾಣಿ ತಿನ್ನಬೇಕು, ಯಾವುದು ತಿನ್ನಬಾರದು, ಗೋಡೆಗೆ ಬೂಷ್ಟು ಬಂದರೆ ಏನು ಮಾಡಬೇಕು! ಪಕ್ಕದ ಮನೆಯ ಟೀವಿಯಲ್ಲಿ ಧಾರಾವಾಹಿಯ ಹಾಡು ಶುರುವಾದರೆ ನನ್ನ ಜೀವವೆಲ್ಲ ಅಲ್ಲೇ. ಒಂದು ಸಂಜೆ ಅಜ್ಜ, "ಇವತ್ತ ಆ ಕಾಂಡ ಮುಗಿಸಿಬಿಡವ್ವಾ" ಎಂದ. ಉಳಿದದ್ದು ಎರಡೇ ಅಧ್ಯಾಯ, ಇಪ್ಪತ್ತಾರು ಮತ್ತು ಇಪ್ಪತ್ತೇಳು. ಅವತ್ತು ಅತ್ತಿ ಬೇಗ ಕೆಲಸ ಬಿಟ್ಟು, ಕೈ ತೊಳೆದು, ನನ್ನ ಮಗ್ಗುಲಿಗೇ ಬಂದು ಕುಳಿತಳು. ಇಪ್ಪತ್ತಾರನೆಯ ಅಧ್ಯಾಯ ಮುಗಿಯುವ ರೀತಿಯೇ ಇಡೀ ಕಾಂಡ ಮುಗಿದಂತೆ. ಅಷ್ಟರಲ್ಲಿ ಹಾಡು ಕೇಳಿಸಿತು. ನಾನು ಪಟ್ಟನೆ ಸತ್ಯವೇದ ಮುಚ್ಚಿ, "ಮುಗೀತಜ್ಜಾ" ಎಂದೆ. ಅಜ್ಜ ನಂಬಿ ತಲೆಯಾಡಿಸಿದ.

"ಖರೇ ಮುಗೀತನವ್ವಾ?" ಎಂದಳು ಅತ್ತಿ.

"ಹೂಂ ಅತ್ತಿ, ಮುಗೀತು."

ಅಜ್ಜ ಅವಳ ಪ್ರಶ್ನೆಗೆ ಕಾದ. "ಇವತ್ತ ಏನೂ ಇಲ್ಲಪ್ಪಾ" ಎಂದಳು. ಪ್ರಾರ್ಥನೆಯಲ್ಲಿ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಮೆಣಸಿನ ಘಾಟಿಗೆ ಎಂದುಕೊಂಡು ನಾನು ಟೀವಿಗೆ ಓಡಿದೆ. ಮುಂದಿನ ತಿಂಗಳು ರಾಣೆಬೆನ್ನೂರಿನ ಮಾಸ್ತರರ ಲಗ್ನಪತ್ರಿಕೆ ನಮ್ಮ ಮನೆಗೂ ಬಂತು. ಹುಡುಗಿ ಬೇರೆಯವಳು.

ಕಳೆದ ವಾರ ಆ ಕೊನೆಯ ಅಧ್ಯಾಯದ ಪುಟದಲ್ಲಿ ಒಣಗಿದ ಮೆಣಸಿನ ತೊಟ್ಟೊಂದು ಸಿಕ್ಕಿತು. ಓದಿದೆ. ಹರಕೆಗೆ ಕೊಟ್ಟ ಮನುಷ್ಯರನ್ನು, ಹೆಣ್ಣನ್ನು ಕೂಡ, ಬೆಲೆ ಕಟ್ಟಿ ಬಿಡಿಸಿಕೊಳ್ಳಬಹುದು, ಬಡವನಾದರೆ ಕೈಲಾದಷ್ಟು. ಅಜ್ಜ ಎಂದೋ ಇದನ್ನು ಬರೀ ಬೆಲೆಗಳ ಪಟ್ಟಿ ಎಂದು ದಾಟಿಬಿಟ್ಟಿರಬೇಕು. ಅತ್ತಿ ದಾಟಿರಲಿಲ್ಲ. ತನ್ನ ಬಿಡುಗಡೆಯನ್ನು ತನ್ನ ಬಾಯಿಂದಲೇ ಕೇಳಲಾರದೆ, ವಾಕ್ಯವೇ ತನ್ನ ಸರದಿಗೆ ಬಂದು ಅಪ್ಪನಿಗೆ ಹೇಳಲಿ ಎಂದು ಆ ತೊಟ್ಟನ್ನು ಗುರುತಿಟ್ಟು ಕಾದಿದ್ದಳು. ನನಗೆ ಒಂದು ಮಾತೂ ಬೈಯಲಿಲ್ಲ. ನಾನು ಪುಸ್ತಕ ಮುಚ್ಚಿದ ಮರುದಿನವೂ ಎಂದಿನಂತೆ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದಳು.

ಬಾಗಿಲು ಹಾಕಿಕೊಂಡು ಆ ಅಧ್ಯಾಯವನ್ನು ಒಂದು ಸಾಲೂ ಬಿಡದೆ ಗಟ್ಟಿಯಾಗಿ ಓದಿದೆ. ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ಮುಗಿದಿದ್ದಿಲ್ಲ ಅತ್ತಿ, ಇನ್ನೊಂದ ಅಧ್ಯಾಯ ಇತ್ತು.