ಚೀಲ ಹೇರಿ ತೆಗೆದ ಅಳತೆ

ದಾಳಿಂಬ ಎಂಬ ಊರಲ್ಲಿ ಒಕ್ಕಲುತನ ಮಾಡುವ ನೀಲಮ್ಮನ ಹಳೇ ಪಿಕಪ್ಪಿಗೆ, ಉದಗೀರದ ನನ್ನ ಗ್ಯಾರೇಜಿನಲ್ಲಿ, ಹರಾಜಿನಲ್ಲಿ ಸಿಕ್ಕ ಮಿಲಿಟರಿ ಲಾರಿಯ ಐದು ಗೇರಿನ ಡಬ್ಬಿ ಕೂಡಿಸುತ್ತಿದ್ದೆ. ಅದು ಮೊದಲಿನದಕ್ಕಿಂತ ಉದ್ದ. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಗಿಡ್ಡ ಮಾಡಬೇಕಿತ್ತು. ಗಾಡಿ ಜಾಕಿಗೆ ಏರಿಸಿ, ಅಳತೆ ತೆಗೆದು, ಗರಗಸ ಹಿಡಿದೆ. ತಪ್ಪಿ ಕೊಯ್ದರೆ ಉದಗೀರದಲ್ಲಿ ಅಂಥ ಇನ್ನೊಂದು ಶಾಫ್ಟ್ ಸಿಗುತ್ತಿರಲಿಲ್ಲ.

"ತಡೀರಿ ಮಿಸ್ತ್ರಿ," ಅಂದಳು ನೀಲಮ್ಮ. "ಚೀಲ ಹೇರಿದ್ರ ಗಾಡಿ ಹಿಂದ ಕೆಳಗ ಕೂಡತದ. ಆಗ ಅಳತಿ ಇಷ್ಟೇ ಇರತದೇನು?"

"ಹತ್ತು ವರ್ಷ ಇದೇ ಕೆಲಸ ಮಾಡೀನ್ರೀ ಅವ್ವಾ."

"ಮಾಡೀರಿ, ಖರೇ. ಜ್ವಾಳ ಹೇರಾಕಿ ನಾ ಅಲ್ಲೇನು?"

ಗಾಡಿ ಇಳಿಸಿ, ಪಕ್ಕದಲ್ಲಿ ಕಾಳು ಮಾರಿಸಿಕೊಡುವ ಅಡತಿ ಅಂಗಡಿಯ ಚೀಲ ಹೇರಿಸಿ ಮತ್ತೆ ಅಳೆದೆ. ಒಂದು ಬೆರಳಿನಷ್ಟು ಫರಕು ಬಂತು. ಆಕೆಯ ಅಳತೆಗೇ ಕೊಯ್ದೆ. ತುಂಬಿದ ಗಾಡಿ ಐದನೇ ಗೇರಿನಲ್ಲಿ ಸದ್ದಿಲ್ಲದೆ ಓಡಿತು.

ಈಗ ಯಾರಾದರೂ ಖಾಲಿ ಗಾಡಿಯ ಅಳತೆ ತೆಗೆದರೆ ಬೈಯುತ್ತೇನೆ. ನಿಮಗೆ ಯಾರು ಕಲಿಸಿದರು ಅಂತ ಕೇಳಿದರೆ ಮಾತ್ರ, ಅನುಭವ ಅಂದುಬಿಡುತ್ತೇನೆ.