ಹಸಿರು ಗುರುತಿನ ಪುಸ್ತಕ

ಪ್ರೆಸ್ಸಿನಲ್ಲಿ ಅವನನ್ನು ಎಲ್ಲರೂ ರೂಲುದೊಣ್ಣೆ ಎಂದೇ ಕರೆಯುತ್ತಿದ್ದರು. ಆಳು ತೆಳ್ಳಗೆ, ನೆಟ್ಟಗೆ ಇದ್ದುದು ಒಂದು ಕಾರಣ. ಸಾಲು ಕೂದಲೆಳೆಯಷ್ಟು ಓರೆಯಾದರೂ ಅಳತೆಪಟ್ಟಿ ಹಿಡಿಯದೆ ಹೇಳಬಲ್ಲ ಕಣ್ಣು ಇನ್ನೊಂದು. ಸೀಸದ ಅಚ್ಚುಮೊಳೆ ಜೋಡಿಸುತ್ತ ಕಸುಬಿಗೆ ಬಂದವನು, ಮೊಳೆಗಳು ಗುಜರಿ ಸೇರಿದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು, ಒಟ್ಟು ಮೂವತ್ತು ವರ್ಷ ಶಾಲಾ ಪುಸ್ತಕಗಳ ಪುಟ ಕಟ್ಟಿದನು. ಅವನ ಪುಟದಲ್ಲಿ ತಪ್ಪು ಹುಡುಕುವುದೆಂದರೆ ಮೊಸರಿನಲ್ಲಿ ಕಲ್ಲು ಹುಡುಕಿದಂತೆ ಎಂದು ಕರಡು ತಿದ್ದುವವರು ನಗುತ್ತಿದ್ದರು. ಆ ಮಾತನ್ನು ಅವನು ಕೇಳಿಸದವನಂತೆ ಕೇಳಿಸಿಕೊಂಡು, ಮನಸ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದನು.

ಅವನ ಮನೆಯ ಮಹಡಿಯ ಎರಡು ಕೋಣೆಗಳಲ್ಲಿ ಅವನ ಅಕ್ಕನಿದ್ದಳು. ಹನ್ನೆರಡನೆಯ ವಯಸ್ಸಿನಲ್ಲಿ ಜ್ವರವೊಂದು ಅವಳ ದೃಷ್ಟಿಯನ್ನು ಕೊಂಡೊಯ್ದಿತ್ತು. ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡನೆಂದು ಮೂಲೆ ಹಿಡಿಯುವ ಸ್ವಭಾವ ಅವಳದಲ್ಲ. ಓದಿದಳು, ಶಾಲೆಯಲ್ಲಿ ಇತಿಹಾಸದ ಮೇಡಮ್ಮಾದಳು, ಇಪ್ಪತ್ತೆರಡು ವರ್ಷಗಳಿಂದ ಪಾಠ ಮಾಡುತ್ತಿದ್ದಳು. ಪುಸ್ತಕ ಬದಲಾದಾಗಲೆಲ್ಲ ರಜೆಯಲ್ಲಿ ತಮ್ಮನು ಅದನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳುತ್ತಿದ್ದನು. ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಫೋನಿಗೆ ಬಂದ ದಿನ ಅವಳು, ಇನ್ನು ನಿನ್ನ ಗಂಟಲಿಗೆ ಪಿಂಚಣಿ ಎಂದು ಹಾಸ್ಯ ಮಾಡಿದ್ದಳು.

ಆಮೇಲೆ ಸರ್ಕಾರದ ಆದೇಶ ಬಂತು: ಪ್ರತಿಯೊಂದು ಪಠ್ಯಪುಸ್ತಕವೂ ಕಣ್ಣು ಕಾಣದವರು ಕೇಳಿ ಓದಬಹುದಾದ ಫೈಲಾಗಿಯೂ ಹೊರಬರಬೇಕು. ಪುಟ ಕಟ್ಟುವ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಅದಕ್ಕೆ ಬೇಕಾದುದೆಲ್ಲ ಇತ್ತು. ಯಾವುದು ತಲೆಬರಹ, ಯಾವುದು ಕೋಷ್ಟಕ, ಯಾವುದಾದ ಮೇಲೆ ಯಾವುದನ್ನು ಓದಬೇಕು, ಚಿತ್ರದಲ್ಲಿ ಏನಿದೆ ಎಂಬುದನ್ನೆಲ್ಲ ಫೈಲಿನೊಳಗೆ ಬರೆದಿಡಬಹುದಾಗಿತ್ತು. ಕೊನೆಗೆ ತಂತ್ರಾಂಶವೇ ಪರೀಕ್ಷೆ ಮಾಡಿ, ಎಲ್ಲ ಇದ್ದರೆ ಹಸಿರು ಗುರುತು ತೋರಿಸುತ್ತಿತ್ತು.

ಪ್ರೆಸ್ಸಿನ ಮಾಲೀಕರು ಮೂರು ವಾರದಲ್ಲಿ ಆರು ಪುಸ್ತಕ ಮುಗಿಸಿಕೊಡುವುದಾಗಿ ಒಪ್ಪಿಕೊಂಡು ಬಂದರು. ಹಸಿರು ಬಂದರೆ ಸಾಕು ಎಂದರು. ಇತಿಹಾಸದ ಪುಸ್ತಕವೊಂದರಲ್ಲೇ ಇನ್ನೂರ ಹದಿನೆಂಟು ಚಿತ್ರಗಳು. ಚಿತ್ರಕ್ಕೆ ವಿವರಣೆ ಉಂಟೇ ಎಂದು ಕೇಳುವ ಬುದ್ಧಿ ಆ ಪರೀಕ್ಷೆಗಿತ್ತು; ವಿವರಣೆಯಲ್ಲಿ ಏನುಂಟು ಎಂದು ಕೇಳುವ ಬುದ್ಧಿ ಇರಲಿಲ್ಲ. ರೂಲುದೊಣ್ಣೆ ಒಂದೊಂದು ಚಿತ್ರಕ್ಕೂ ಒಂದೊಂದು ಪೂರ್ಣವಿರಾಮದ ಚುಕ್ಕೆ ಇಟ್ಟನು. ಓದುವ ಕ್ರಮದಲ್ಲಿ ಅವನ ಕಸುಬೇ ಅವನನ್ನು ಕೆಡಿಸಿತು. ಅಲುಗದವುಗಳನ್ನು ಮೊದಲು ಕೂರಿಸಬೇಕೆಂಬುದು ಮೊಳೆಯ ಕಾಲದ ಅಭ್ಯಾಸ: ಪುಟಸಂಖ್ಯೆ, ಚಿತ್ರ, ಪುಟದ ತಳದ ಅಭ್ಯಾಸದ ಪ್ರಶ್ನೆಗಳು, ಉಳಿದ ಜಾಗಕ್ಕೆ ಕಟ್ಟಕಡೆಗೆ ಪಾಠ. ಕಣ್ಣು ಪುಟವನ್ನು ಮೇಲಿನಿಂದ ಓದುತ್ತದೆ. ಯಂತ್ರವೋ ಇಟ್ಟ ಕ್ರಮದಲ್ಲೇ ಓದುತ್ತದೆ. ಕ್ರಮ ಬದಲಿಸಲು ತಂತ್ರಾಂಶದಲ್ಲಿ ಬೇರೆ ಕಿಟಕಿಯೊಂದಿತ್ತು. ನೋಡಲು ನೆಟ್ಟಗಿರುವ ಪುಟದಲ್ಲಿ ಇನ್ನೇನು ನೆಟ್ಟಗಾಗಬೇಕೆಂದು ಅವನು ಅದನ್ನು ತೆರೆಯಲೇ ಇಲ್ಲ. ಹಸಿರು ಬಂತು. ಪುಸ್ತಕ ಕೇಳಿ ಓದಲು ತಕ್ಕದ್ದೆಂಬ ಪ್ರಮಾಣಪತ್ರಕ್ಕೆ ಅವನೇ ಸಹಿ ಹಾಕಿದನು.

ಅಕ್ಕ ನೆನಪಾಗಲಿಲ್ಲವೇ ಎಂದರೆ, ನೆನಪಾದಳು. ಅವಳಿಗೆ ತಾನೇ ಓದಿ ಹೇಳಿದರಾಯಿತು ಎಂದುಕೊಂಡನು.

ಶಾಲೆ ತೆರೆದು ತಿಂಗಳಾಗಿರಬಹುದು. ಒಂದು ಸಂಜೆ ಅಕ್ಕ ಅವನನ್ನು ಮಹಡಿಗೆ ಕರೆಸಿ, ಮೇಜಿನ ಮೇಲಿದ್ದ ಫೋನನ್ನು ಮುಟ್ಟಿದಳು. ಅದು ಓದತೊಡಗಿತು. ಪುಟ ನಲವತ್ತೊಂದು. ಚಿತ್ರ. ಚಿತ್ರ. ಚಿತ್ರ. ಎರಡು ವಾಕ್ಯಗಳಲ್ಲಿ ಉತ್ತರಿಸಿರಿ. ಕೋಟೆಯ ಬಾಗಿಲನ್ನು ಶತ್ರುಗಳಿಗೆ ತೆರೆದವರು ಯಾರು? ಅದಾದ ಮೇಲೆ, ಹಿಂದಿನ ಪುಟದಲ್ಲಿ ಅರ್ಧಕ್ಕೆ ನಿಂತಿದ್ದ ವಾಕ್ಯದ ಬಾಲ.

"ಯಾರೋ ಇದನ್ನ ಕಟ್ಟಿದ್ದು?"

"ನಾನೇ, ಅಕ್ಕ."

"ಗೊತ್ತು. ನಿನ್ನ ಬಾಯಿಂದ ಬರ್ಲಿ ಅಂತ ಕೇಳ್ದೆ."

ಭಾನುವಾರ ಕೂತು ಪೂರ್ತಿ ಓದಿ ಹೇಳುತ್ತೇನೆಂದು ಅವನು ಸಮಾಧಾನ ಮಾಡಲು ಹೋದನು.

"ನೀನು ಓದ್ತೀಯಪ್ಪ. ನಾಳೆ ಕ್ಲಾಸಲ್ಲಿ ಒಬ್ಬ ಎದ್ದು ನಿಂತು, ಮೇಡಂ, ಐವತ್ತೆರಡನೇ ಪುಟದ ಭೂಪಟದಲ್ಲಿ ಇದೇನು ಅಂತಾನೆ. ಆಗೇನು ನಿನ್ನನ್ನ ಚೀಲದಲ್ಲಿ ಹಾಕ್ಕೊಂಡು ಹೋಗಿರ್ಲಾ?"

ಅನಂತರ ಅವಳು ಸಂಗತಿ ತಿಳಿಸಿದಳು. ಪರಿಶೀಲನೆಗೆ ಬಂದ ಅಧಿಕಾರಿ ಅವಳು ಪಾಠದ ನಡುವೆ ತಡವರಿಸಿದ್ದನ್ನು ಕಂಡಿದ್ದರು. ಪುಸ್ತಕಕ್ಕೆ ಪ್ರಮಾಣಪತ್ರವಿರುವುದರಿಂದ ಕೊರತೆ ಟೀಚರದೇ ಇರಬೇಕೆಂದು ಹೆಡ್‌ಮಾಸ್ತರರು ಬರೆದುಕೊಟ್ಟಿದ್ದರು. ಶುಕ್ರವಾರ ವಿಚಾರಣೆ. ದೋಷ ಪುಸ್ತಕದ್ದೆಂದು ತೋರದಿದ್ದರೆ ಅವಳನ್ನು ತರಗತಿಯಿಂದ ತೆಗೆದು, ಸೀಮೆಸುಣ್ಣ ಹಂಚುವ ಉಗ್ರಾಣಕ್ಕೆ ಹಾಕುವುದು ಖಚಿತ. ತಮ್ಮನು ಬಂದು ಒಂದು ಮಾತು ಹೇಳಿದರೆ ಸಾಕು. ಹೇಳುತ್ತೇನೆಂದು ಅವನು ಅಕ್ಕನ ಕೈ ಹಿಡಿದು ಮಾತು ಕೊಟ್ಟನು.

ಮರುದಿನ ಮಾಲೀಕರಿಗೆ ತಿಳಿಸಿದಾಗ ಅವರು ರೇಗಲಿಲ್ಲ, ಚಹಾ ತರಿಸಿದರು. "ಹೇಳ್ಕೊಳಪ್ಪ, ಬೇಡ ಅನ್ನಲ್ಲ. ಸಹಿ ನಿಂದು. ರೂಲುದೊಣ್ಣೆ ಕೈಯಿಂದ ಕೆಟ್ಟ ಪುಟ ಹೊರಟಿತಂತೆ ಅಂತ ನಾಲ್ಕು ಪ್ರೆಸ್ಸಲ್ಲಿ ಮಾತಾಡ್ಕೋತಾರೆ, ಅಷ್ಟೇ." ಎಲ್ಲಿ ಒತ್ತಿದರೆ ನೋಯುತ್ತದೆಂಬುದು ಅವರಿಗೆ ಗೊತ್ತಿತ್ತು. ಕೆಲಸ ಹೋಗುತ್ತದೆಂದಿದ್ದರೆ ಅವನು ಹೆದರುತ್ತಿರಲಿಲ್ಲವೇನೋ.

ಶುಕ್ರವಾರ ಅಧಿಕಾರಿಯ ಕೋಣೆಯಲ್ಲಿ ಅಕ್ಕ ಫೋನಿನಿಂದ ಅದೇ ಪುಟವನ್ನು ಓದಿಸಿದಳು. ದೋಷ ಪುಸ್ತಕದ್ದೋ ಫೋನಿನದ್ದೋ ಹೇಗೆ ತಿಳಿಯುವುದು ಎಂದು ಹೆಡ್‌ಮಾಸ್ತರರು ಕೇಳಿದರು. ಅಧಿಕಾರಿ ಅಚ್ಚಾದ ಪ್ರತಿಯನ್ನು ತಿರುವಿ ನೋಡಿ, ಎಷ್ಟು ಅಂದವಾಗಿ ಮಾಡಿದ್ದೀರಿ ಎಂದು ರೂಲುದೊಣ್ಣೆಯನ್ನು ಮನಸಾರೆ ಹೊಗಳಿದರು. ಆಮೇಲೆ ಕೇಳಿದರು:

"ಮಾಡಿದವರು ನೀವು. ನೀವೇ ಹೇಳಿಬಿಡಿ. ಪುಸ್ತಕ ಸರಿಯಾಗಿದೆಯೋ, ಇಲ್ಲವೋ?"

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಹೊಗಳಿಕೆಯೂ ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು.

"ಪರೀಕ್ಷೆಯಲ್ಲಿ ಹಸಿರು ಬಂದಿದೆ, ಸಾರ್."

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸುಳ್ಳಾಡಿದವನಿಗಾದರೆ ತಪ್ಪೊಪ್ಪಿಕೊಳ್ಳುವ ದಾರಿಯೊಂದಿರುತ್ತದೆ. ನಿಜವನ್ನೇ ಆಡಿ ದ್ರೋಹ ಬಗೆದವನು ದೇವರ ಮುಂದೆ ಯಾವ ಮಾತೆತ್ತಿಕೊಂಡು ನಿಂತಾನು?

ಅಕ್ಕ ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಹೊರಗೆ ಮೆಟ್ಟಿಲ ಬಳಿ ಅವನು ಎಂದಿನಂತೆ ಮೊಳಕೈ ಚಾಚಿದನು. ಅವಳು ಮುಟ್ಟಲಿಲ್ಲ.

"ಬೇಡ. ಗೋಡೆ ಇದೆ."

ಅವಳನ್ನು ಉಗ್ರಾಣಕ್ಕೆ ಹಾಕಿದರು. ಮನೆಗೆ ಬಂದ ಕಾಗದಪತ್ರಗಳನ್ನು ಅವಳು ಅಂದಿನಿಂದ ಎದುರುಮನೆಯ ದರ್ಜಿಯ ಹೆಂಡತಿಯಿಂದ ಓದಿಸಿಕೊಳ್ಳತೊಡಗಿದಳು.

ಅವನು ಇತಿಹಾಸದ ಪುಸ್ತಕವನ್ನು ಮತ್ತೆ ತೆರೆದನು. ಕೆಲಸದ ಹೊತ್ತಿನಲ್ಲಿ ಅದನ್ನು ಮುಟ್ಟಲು ಮಾಲೀಕರ ಒಪ್ಪಿಗೆಯಿರಲಿಲ್ಲ. ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ತುತ್ತು ಹಿಡಿದು, ಹನ್ನೊಂದು ತಿಂಗಳು ಕುಳಿತನು. ಪುಟಪುಟದ ಕ್ರಮವನ್ನೂ ತಿದ್ದಿದನು. ಬರಿಯ ದಪ್ಪಕ್ಷರವಾಗಿದ್ದುದನ್ನು ತಲೆಬರಹವೆಂದು ಗುರುತಿಸಿದನು. ಒಂದೊಂದು ಚುಕ್ಕೆಯನ್ನೂ ಅಳಿಸಿ ಬರೆದನು: ಮೂರು ಬಾಗಿಲ ಕೋಟೆ, ಎಡಗಡೆಯ ಬಾಗಿಲು ಮುರಿದಿದೆ, ಅದರೊಳಗಿಂದ ಕುದುರೆಗಳು ನುಗ್ಗುತ್ತಿವೆ. ಆಮೇಲೆ ಕಣ್ಣು ಮುಚ್ಚಿಕೊಂಡು ಇಡೀ ಪುಸ್ತಕವನ್ನು ಯಂತ್ರದಿಂದ ಓದಿಸಿ ಕೇಳಿದನು. ತಿದ್ದಿದ ಆವೃತ್ತಿಯನ್ನು ಕಂಡ ಬೇರೆ ಪ್ರೆಸ್ಸಿನವರು ಈ ವಿದ್ಯೆಯನ್ನು ಕಲಿಯಲು ಅವನಲ್ಲಿಗೆ ಜನರನ್ನು ಕಳುಹಿಸಿದರು. ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ ಎಂದು ಒಬ್ಬಳು ಕೇಳಿದಾಗ, ತಪ್ಪು ಮಾಡಿ ಎಂದನು. ವಿನಯದ ಮಾತೆಂದು ಎಲ್ಲರೂ ನಕ್ಕರು.

ಆ ಫೈಲನ್ನು ಅವನು ಮಹಡಿಗೆ ಒಯ್ದನು. ಅಕ್ಕನ ನಿವೃತ್ತಿಗೆ ಆಗ ಏಳು ತಿಂಗಳಿತ್ತು. ಅವಳು ಬೇಡವೆನ್ನಲಿಲ್ಲ. ಕೋಟೆಯ ಪಾಠವನ್ನು ತಲೆಬರಹದಿಂದ ಕೊನೆಯ ಪ್ರಶ್ನೆಯವರೆಗೆ ಕೇಳಿದಳು. ಚಿತ್ರ ಬಂದಲ್ಲಿ ನಿಲ್ಲಿಸಿ, ಇನ್ನೊಮ್ಮೆ ಕೇಳಿದಳು. ಅವನು ಬಾಗಿಲ ಬಳಿ, ತೀರ್ಪಿಗೆ ನಿಂತವನಂತೆ ನಿಂತಿದ್ದನು.

"ಚೆನ್ನಾಗಿ ಮಾಡಿದೀಯ," ಎಂದಳು ಅವಳು, ಫೋನನ್ನು ಅವನತ್ತ ಸರಿಸುತ್ತ. "ಪಾಠ ಮಾಡೋರು ಯಾರಾದ್ರೂ ಇದ್ರೆ ಕೊಡು."