ಭತ್ತಕ್ಕೆ ಕಾವಲಿಟ್ಟ ಕಲ್ಲುಗಳು

ರಸ್ತೆ ಇರುವುದು ಯಾತಕ್ಕೆ, ಹೇಳಿ ನೋಡೋಣ? ಗಾಡಿ ಓಡಿಸಲಿಕ್ಕೆ ಅಂದಿರಾದರೆ ನೀವು ನಮ್ಮ ಸಿಂಧನೂರು ಕಡೆಯವರಲ್ಲ, ಸುಮ್ಮನೆ ಓದಿಕೊಂಡು ಹೋಗಿ. ಭತ್ತ ಒಣಗಿಸಲಿಕ್ಕೆ ಅಂದಿರಾದರೆ ನೀವು ನಮ್ಮವರೇ. ನೀವು ಮಾತ್ರ ಸ್ವಲ್ಪ ನಿಧಾನವಾಗಿ ಓದಬೇಕು.

ಹೋದ ವಾರ ಮೊಮ್ಮಗಳು ಪವಿತ್ರಾಳ ಸ್ಕೂಟಿಯ ಹಿಂದೆ ಕೂತು ಜವಳಗೇರಾಕ್ಕೆ ಹೊರಟಿದ್ದೆ. ಅದು ನನ್ನ ಗಂಡನ ಊರು. ನಾನು ಸಂಸಾರ ಮಾಡಿದ್ದೆಲ್ಲ ಅಲ್ಲೇ. ಈಗ ಸಿಂಧನೂರಿನಲ್ಲಿ ಮಗಳು ಸರೋಜಾಳ ಮನೆಯಲ್ಲಿದ್ದೇನೆ. ಪವಿತ್ರಾ ನನ್ನ ತಲೆಗೂ ಒಂದು ಹೆಲ್ಮೆಟ್ ತುರುಕಿ, ಗದ್ದದ ಕೆಳಗೆ ಕಟಕ್ಕೆಂದು ಬಿಗಿದಿದ್ದಳು. ಮುಂದೆ ಒಂದು ಟ್ರ್ಯಾಕ್ಟರ್ ಹೊಗೆ ಬಿಡುತ್ತಾ ಹೋಗುತ್ತಿತ್ತು. ನನಗೆ ಯಾರ ಹಿಂದೆಯೂ ಹೋಗಿ ಅಭ್ಯಾಸವಿಲ್ಲ.

"ಅದನ್ನ ಹಿಂದ ಹಾಕು, ಜೋರ ಹೊಡಿ," ಅಂದೆ.

"ಅಜ್ಜೀ, ಸುಮ್ನ ಕುಂದ್ರ್ತಿಯೋ, ಇಲ್ಲಽ ಇಳಸ್ಲೋ?"

ಸುಮ್ಮನೆ ಕೂತೆ. ಅಷ್ಟರಲ್ಲಿ ಆ ವಾಸನೆ ಬಂತು. ಹಸಿ ಭತ್ತ ಬಿಸಿಲಿಗೆ ಒಣಗುವಾಗ ಹುಲ್ಲಿನದೂ ಅಲ್ಲದ, ಅನ್ನದ್ದೂ ಅಲ್ಲದ ಒಂದು ವಾಸನೆ ಏಳುತ್ತದಲ್ಲ, ಅದು. ಅರ್ಧ ರಸ್ತೆಯ ತುಂಬ ಭತ್ತ ಹರವಿದ್ದರು. ಅದು ದಾಟಿತು, ಕರಿ ಟಾರು ಮತ್ತೆ ಕಂಡಿತು ಅನ್ನುವಾಗಲೇ ಪವಿತ್ರಾ ಗಕ್ಕನೆ ಬ್ರೇಕ್ ಹಾಕಿ ಗಾಡಿ ವಾಲಿಸಿದಳು. ನನ್ನ ಒಂದು ಚಪ್ಪಲಿ ರಸ್ತೆ ಪಾಲಾಯಿತು. ನೋಡಿದರೆ ದಾರಿಯಲ್ಲಿ ಒಂದು ಕಲ್ಲು. ಅಲ್ಲಿಯ ಭತ್ತ ಎಂದೋ ಚೀಲ ಸೇರಿತ್ತು, ಕಲ್ಲು ಮಾತ್ರ ಕಾವಲು ಬಿಟ್ಟಿರಲಿಲ್ಲ.

"ಯಾರ ಇಟ್ಟಾರಬೇ ಇದನ್ನ? ತಲಿ ಐತೇನು ಅವರಿಗೆ?" ಅಂದಳು ಪವಿತ್ರಾ.

ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವವಳು ನಾನು. ಅವತ್ತು ಮಾತ್ರ ಗಾಡಿ ಇಳಿದು ಆ ಕಲ್ಲನ್ನೇ ನೋಡುತ್ತಾ ನಿಂತೆ.

ಕಾಲುವೆ ಬರುವ ಮುಂಚೆ ನಮ್ಮ ಕಡೆ ಜೋಳ ಬೆಳೆಯುತ್ತಿದ್ದರು, ಮನೆಗೊಂದು ಕಣ ಇರುತ್ತಿತ್ತು. ನೀರು ಬಂದ ಮೇಲೆ ಆಸೆ ನೋಡಿ, ಕಣವನ್ನೂ ಗದ್ದೆ ಮಾಡಿದೆವು. ಕೊಯ್ದ ಭತ್ತವನ್ನು ಇನ್ನೆಲ್ಲಿ ಹರವುವುದು? ಊರ ಮುಂದೆ ಸರ್ಕಾರದವರು ಟಾರು ರಸ್ತೆ ಮಾಡಿಕೊಟ್ಟಿದ್ದರು. ಕೆಳಗಿನಿಂದ ಕಾವು, ಮೇಲಿನಿಂದ ಬಿಸಿಲು, ಎರಡೇ ದಿನದಲ್ಲಿ ಭತ್ತ ಗಲಗಲ ಅನ್ನುತ್ತಿತ್ತು. ಅರ್ಧ ರಸ್ತೆ ನಮಗೆ, ಅರ್ಧ ಗಾಡಿಯವರಿಗೆ. ನಡುವೆ ಗಡಿಯಾಗಿ ತೆಂಗಿನಕಾಯಿ ಗಾತ್ರದ ಕಲ್ಲುಗಳ ಸಾಲು. ಗಾಡಿಯವರು ಭತ್ತ ತುಳಿದು ನುಚ್ಚು ಮಾಡುತ್ತಾರೆ ಅನ್ನುವ ಸಿಟ್ಟು ನಮಗೆ ಇತ್ತೇ ಹೊರತು, ಗಾಡಿಯವರು ಬಿದ್ದಾರು ಅನ್ನುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ನನ್ನ ಕಲ್ಲಿನ ಸಾಲು ಊರಿಗೆಲ್ಲ ನೆಟ್ಟಗಿರುತ್ತಿತ್ತು. ಅದರ ಜಂಬ ಬೇರೆ.

ನಮ್ಮ ಯಜಮಾನರು ಅಜಾಗರೂಕ ಮನುಷ್ಯ ಅಂತ ತಿಳಿಯಬೇಡಿ. ಹೊಲಕ್ಕೆ ಬೀಳುವ ಹಂದಿ ಬೆದರಿಸಲು ಮಾವನವರ ಕಾಲದ ಒಂದು ಬಂದೂಕಿತ್ತು ನಮ್ಮಲ್ಲಿ, ಲೈಸೆನ್ಸ್ ಇದ್ದದ್ದು. ಬಂದೂಕು ಒಂದು ಟ್ರಂಕಿನಲ್ಲಿ, ತೋಟಾ ಇನ್ನೊಂದು ಕೋಣೆಯ ಪೆಟ್ಟಿಗೆಯಲ್ಲಿ. ಎರಡರ ಕೀಲಿಯೂ ಅವರ ಉಡದಾರದಲ್ಲಿ. ಮಕ್ಕಳು ಆಟಕ್ಕೆ ಜೋಳದ ದಂಟು ಹಿಡಿದು ಯಾರಿಗಾದರೂ ಗುರಿ ಇಟ್ಟರೆ ಬೆನ್ನ ಮೇಲೆ ಒಂದು ಬೀಳುತ್ತಿತ್ತು. "ಖಾಲಿ ಬಂದೂಕು ಅನ್ನೂದು ಇಲ್ಲಽ ಇಲ್ಲ, ತಿಳೀತಿಲ್ಲೋ?" ಅನ್ನುತ್ತಿದ್ದರು. ಅದೇ ಮನುಷ್ಯ ಮಗನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿ, ನನ್ನನ್ನು ಹಿಂದೆ ಒಂದೇ ಮಗ್ಗುಲಿಗೆ ಕೂರಿಸಿ, ನನ್ನ ತೊಡೆಯ ಮೇಲೆ ಸರೋಜಾ, ಸರೋಜಾಳ ತೊಡೆಯ ಮೇಲೆ ಉಂಡಿಯ ಡಬ್ಬಿ, ಹೀಗೆ ಮಸ್ಕಿಯಲ್ಲಿರುವ ನನ್ನ ತಂಗಿಯ ಮನೆಗೆ ಮೋಟಾರ್‌ಸೈಕಲ್ ಬಿಡುತ್ತಿದ್ದರು. ನಿಧಾನ ಮಾಡಿದರೆ ನಾನೇ ಬೆನ್ನಿಗೆ ತಿವಿಯುತ್ತಿದ್ದೆ. "ಎತ್ತಿನ ಬಂಡಿ ನಮ್ಮನ್ನ ದಾಟಿ ಹೊಂಟೈತ್ರೀ!" ಜೀವ ತೆಗೆಯುವ ಸಾಮಾನು ಅಂದರೆ ಬಂದೂಕು ಒಂದೇ ಅಂತ ನಮ್ಮ ಮನೆಯಲ್ಲಿ ತಿಳಿದಿದ್ದೆವು. ಕಲ್ಲಿಗೆ ಯಾರು ಲೈಸೆನ್ಸ್ ಕೇಳುತ್ತಾರೆ?

ಆಗ ಊರಿಗೆ ಒಬ್ಬ ನರ್ಸ್ ಬಂದಿದ್ದಳು, ಸುಶೀಲಾ ಅಂತ. ಎಲ್ಲರಿಗೂ ಅವಳು ಸಿಸ್ಟರ್. ನನಗಿಂತ ಆರೇಳು ವರ್ಷ ಚಿಕ್ಕವಳು. ಒಂದು ಸಣ್ಣ ಮೊಪೆಡ್ ಮೇಲೆ ಕಾಲುವೆ ನೀರಿಗೆ ವಲಸೆ ಬಂದವರ ಸುತ್ತಲಿನ ಕ್ಯಾಂಪುಗಳಿಗೆಲ್ಲ ಹೋಗಿ ಬಾಣಂತಿಯರನ್ನು ನೋಡಿ ಬರುತ್ತಿದ್ದಳು. ನಮ್ಮೂರಿನಲ್ಲಿ ಗಾಡಿ ಹೊಡೆದ ಮೊದಲ ಹೆಣ್ಣು ಅವಳೇ. ಕಟ್ಟೆಯ ಮೇಲೆ ಕೂತ ಗಂಡಸರು ಅವಳು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಗುತ್ತಿದ್ದರು. ಅವಳು ತೀರಾ ನಿಧಾನ ಹೋಗುತ್ತಿದ್ದಳು, ತಿರುವಿನಲ್ಲಿ ಕೈ ತೋರಿಸುತ್ತಿದ್ದಳು. ಕೈ ಯಾಕೆ ತೋರಿಸುತ್ತಾಳೆ ಅಂತ ನಮಗೆ ಗೊತ್ತಿರಲಿಲ್ಲ. ನಾವೂ ತಿರುಗಿ ಕೈ ಬೀಸುತ್ತಿದ್ದೆವು.

ಎರಡನೇ ಬೆಳೆಯ ಕೊಯ್ಲು ಮುಗಿದ ಒಂದು ಸಂಜೆ ಮೋಡ ಕವಿಯಿತು. ರಸ್ತೆಯಲ್ಲಿ ನಮ್ಮದೇ ಇಪ್ಪತ್ತು ಚೀಲದ ಭತ್ತ. ಬಾಚಿದ್ದೇ ಬಾಚಿದ್ದು, ತುಂಬಿದ್ದೇ ತುಂಬಿದ್ದು. ಕೊನೆಯ ಚೀಲ ಹೊತ್ತುಕೊಂಡು ಹೋಗುತ್ತಾ ಯಜಮಾನರು ಅಂದರು: "ಕಲ್ಲು ತಗದು ಬಾ."

"ಕಲ್ಲೇನು ನೆನೀತಾವೇನ್ರಿ?" ಅಂದೆ ನಾನು. ನಾಳೆ ಮತ್ತೆ ಅಲ್ಲೇ ಹರವುವುದಿತ್ತು. ಮತ್ತೆ ಯಾರು ಸಾಲು ಹಚ್ಚಬೇಕು?

ಮಳೆ ಬರಲಿಲ್ಲ, ನಾಲ್ಕು ಹನಿ ಬಿದ್ದು ಹೋಯಿತು. ಒಳಗೆ ರೊಟ್ಟಿ ಬಡಿಯುತ್ತಿದ್ದೆ, ಹೊರಗೆ ದಪ್ಪೆಂದು ಸದ್ದಾಯಿತು. ಹಿಟ್ಟಿನ ಕೈಯಲ್ಲೇ ಓಡಿದೆ. ಮಬ್ಬುಗತ್ತಲಲ್ಲಿ ಸಿಸ್ಟರ್ ಬೋರಲು ಬಿದ್ದಿದ್ದಳು. ಮೊಪೆಡ್ಡಿನ ಗಾಲಿ ಇನ್ನೂ ತಿರುಗುತ್ತಿತ್ತು. ಮಂದಿ ಕೂಡಿದರು. ಎಲ್ಲರೂ ಅವಳನ್ನು ಎತ್ತಿದರು. ನಾನು ಕಲ್ಲು ಎತ್ತಿದೆ.

ಹೌದು, ಕಲ್ಲು ಎತ್ತಿ ಗಟಾರಕ್ಕೆ ಹಾಕಿದೆ. ಅವಳನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ಸಿಂಧನೂರಿಗೆ ಒಯ್ಯುವಷ್ಟರಲ್ಲಿ ಇಡೀ ಸಾಲು ಗಟಾರದಲ್ಲಿತ್ತು. ಬಲಗೈ ಮಣಿಕಟ್ಟು ಮುರಿದಿತ್ತು, ಮುಂದಿನ ಎರಡು ಹಲ್ಲು ಹೋಗಿದ್ದವು. ಮರುದಿನ ಯಜಮಾನರು "ಕಲ್ಲು ಯಾವಾಗ ತಗದಿ?" ಅಂದರು. "ನೀವು ಹೇಳಿದಾಗಽ ತಗದೆ," ಅಂದೆ. ಬಯಲಿನಂಥ ರಸ್ತೆಯಲ್ಲಿ ಅವಳು ತಾನಾಗಿ ಬಿದ್ದಳು ಅಂತ ಊರು ನಂಬಿತು. ಕಟ್ಟೆಯ ಮೇಲಿನವರಿಗೆ ಅಷ್ಟೇ ಬೇಕಾಗಿತ್ತು: "ಹೆಣ್ಣುಮಕ್ಕಳು ಗಾಡಿ ಹೊಡದ್ರ ಹಿಂಗಽ ಆಗೂದು." ನಾನು ಅಲ್ಲೇ ನೀರಿನ ಕೊಡ ಹೊತ್ತು ನಿಂತಿದ್ದೆ. ಕೊಡ ಭಾರ ಅಂತ ಮುಂದೆ ಹೋದೆ. ಆರು ತಿಂಗಳಲ್ಲಿ ಸಿಸ್ಟರ್ ಲಿಂಗಸುಗೂರಿಗೆ ವರ್ಗ ಮಾಡಿಸಿಕೊಂಡು ಹೋದಳು. ಮತ್ತೆ ಗಾಡಿ ಮುಟ್ಟಲಿಲ್ಲವಂತೆ.

ಇಷ್ಟನ್ನೂ ಅವತ್ತು ರಸ್ತೆಯ ಬದಿಯಲ್ಲಿ, ಒಂದು ಕಾಲಲ್ಲಿ ಚಪ್ಪಲಿ ಇಲ್ಲದೆ ನಿಂತು, ಪವಿತ್ರಾಳಿಗೆ ಹೇಳಿಬಿಟ್ಟೆ. ಅವಳು ಕಲ್ಲನ್ನು ದೂರ ಹಾಕಿ ಬಂದು ಕೇಳಿದಳು:

"ಅವರು ಈಗ ಎಲ್ಲಿ ಅದಾರ?"

"ಲಿಂಗಸುಗೂರಾಗ. ರಿಟೈರ್ ಆಗ್ಯಾರಂತ."

"ಮತ್ತ ಒಮ್ಮೀನೂ ಯಾಕ ಹೋಗಿಲ್ಲ ನೀ?"

"ಬಸ್ಸು ಅನುಕೂಲ ಇಲ್ಲ."

"ತಾಸಿಗೊಂದು ಬಸ್ ಐತಿ ಬೇ, ಅಜ್ಜಿ!"

ರವಿವಾರ ಹೊರಟೆವು. ಮಸ್ಕಿಯಲ್ಲಿ ಬಸ್ಸು ನಿಂತಾಗ, ತಂಗಿಯನ್ನು ನೋಡಿದ ಹಾಗೂ ಆಯಿತು, ಇಲ್ಲೇ ಇಳಿಯೋಣ ಅಂದೆ. ಪವಿತ್ರಾ ನನ್ನ ಸೆರಗು ಬಿಡಲಿಲ್ಲ.

ಸಿಸ್ಟರ್ ಬಾಗಿಲು ತೆಗೆದವಳು ಒಂದು ಗಳಿಗೆ ನೋಡಿ, "ಜವಳಗೇರಾದ ಅಕ್ಕ ಅಲ್ಲೇನು? ಬಾ ಒಳಗ," ಅಂದಳು. ಚಹಾ ಸೋಸಿದ್ದು ಎಡಗೈಯಿಂದ. ಬಲಗೈ ಮಣಿಕಟ್ಟು ಇಂದಿಗೂ ಪೂರ್ತಿ ಮಡಚುವುದಿಲ್ಲ. ನಾನು ಬಿಸಿಲಿನ ಮಾತು, ಬಸ್ಸಿನ ಮಾತು, ಮಂಡಿನೋವಿನ ಮಾತು ಎಲ್ಲ ಮುಗಿಸಿದೆ. ಪವಿತ್ರಾ ಮೊಣಕೈಯಿಂದ ತಿವಿದಳು.

"ಸಿಸ್ಟರ್, ಅವತ್ತು ನೀವು ಬಿದ್ರಲ್ಲ, ಆ ಕಲ್ಲು ನಂದುರೀ," ಅಂದೆ.

"ಗೊತ್ತೈತಿ. ಬಿದ್ದಲ್ಲಿಂದ ನನಗ ಬರೀ ಕಾಲು ಕಾಣತಿದ್ವು. ಎಲ್ಲಾರ ಕಾಲೂ ನನ್ನ ಕಡೆ ಬಂದ್ವು. ನಿನ್ನ ಕಾಲು ಗಟಾರದ ಕಡೆ ಹೋದ್ವು."

"ಮತ್ತ ಯಾರ ಮುಂದೂ ಯಾಕ ಹೇಳಲಿಲ್ರಿ?"

"ಕಲ್ಲು ಇಲ್ಲಂದ ಮ್ಯಾಲ ನನ್ನ ಮಾತು ಯಾರು ನಂಬತಿದ್ರು, ಅಕ್ಕಾ?"

ತಪ್ಪಾಯಿತು ಅಂದೆ. ಕಣ್ಣಲ್ಲಿ ನೀರೂ ಬಂತು. ಅವಳು ಕರಗಲಿಲ್ಲ. ಚಹಾದ ಬಸಿಯನ್ನು ನನ್ನ ಕಡೆ ಸರಿಸಿದಳು, ಅಷ್ಟೇ.

"ಕೈ ಮುರದದ್ದು ಆಕಸ್ಮಿಕ, ಹೋಗ್ಲಿ. ಆದ್ರ ಗಾಡಿ ಹೊಡಿಯಾಕ ಬರಂಗಿಲ್ಲ ಈಕಿಗೆ ಅಂದ್ರಲ್ಲ, ಅದು ನನಗ ಇವತ್ತಿಗೂ ಚುಚ್ಚತೈತಿ. ನನ್ನ ಮನ್ಯಾಗ ಬಂದು ನನಗಽ ಹೇಳಿದ್ರ ಏನು ಬಂತು? ಅಂದೋರ ಊರಾಗ ಹೇಳು."

ಅದಕ್ಕೇ ಮೂರು ದಿನದಿಂದ ಒಂದೇ ಬೆರಳಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಟೈಪ್ ಮಾಡಲು ಕಲಿತು ಇನ್ನೂ ಎರಡು ತಿಂಗಳಾಗಿಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ. ಜವಳಗೇರಾದವರ ಮೊಬೈಲ್ ಗ್ರೂಪಿಗೆ ಹಾಕುತ್ತೇನೆ. ಕಟ್ಟೆಯ ಮೇಲೆ ಕೂತಿದ್ದವರಲ್ಲಿ ಬಹಳ ಜನ ಈಗಿಲ್ಲ, ಆದರೆ ಅವರ ಮನೆಗಳಲ್ಲಿ ಆ ಮಾತು ಇನ್ನೂ ಇದೆ, ನಾನೇ ಕೇಳಿದ್ದೇನೆ. ಭತ್ತ ಎಲ್ಲಿ ಒಣಗಿಸಬೇಕು ಅಂತ ನನ್ನನ್ನು ಕೇಳಬೇಡಿ, ನನಗೂ ಗೊತ್ತಿಲ್ಲ. ಬಾಚಿದ ಮೇಲೆ ಕಲ್ಲು ತೆಗೆಯಿರಿ, ಇಷ್ಟು ಮಾತ್ರ ಗೊತ್ತು.

ಊರಿಗೆ ಹೇಳುವ ಮುಂಚೆ ಮನೆಯಲ್ಲಿ ಒಮ್ಮೆ ಓದಿ ನೋಡೋಣ ಅಂತ ಇವತ್ತು ಬೆಳಿಗ್ಗೆ ಸರೋಜಾಳ ಮುಂದೆ ಓದಿದೆ. ಅವಳು ಮಸ್ಕಿಯ ಒಂದು ಶಾಲೆಯಲ್ಲಿ ಟೀಚರ್. ಬ್ಯಾಗು ಹೆಗಲಿಗೆ ಹಾಕಿ ಬಸ್ಸಿಗೆ ಹೊರಟು ನಿಂತಿದ್ದಳು, ನಿಂತೇ ಕೇಳಿದಳು. ಓದಿ ಮುಗಿಸಿ, ಹೇಗಿದೆ ಅಂದೆ.

"ಹೆಂಗೈತಿ ಅಂತ ಕೇಳ್ತೀಯಲ್ಲಬೇ! ನೌಕರಿ ಸಿಕ್ಕಾಗ ಗಾಡಿ ಕಲೀತೀನಿ ಅಂದ್ರ, 'ಸಿಸ್ಟರ್ ಬಿದ್ದದ್ದು ನೋಡೀಯಿಲ್ಲೋ' ಅಂತ ಅಪ್ಪ ಕೀಲಿ ಕಸಗೊಂಡ. ನೀ ಬಾಜೂಕಽ ಕುಂತು ಅಕ್ಕಿ ಆರಿಸಾಕತ್ತಿದ್ದಿ. ನಿನ್ನ ಕಲ್ಲಿನ ಸಂಬಂಧ ಇಷ್ಟು ವರ್ಷ ನಾ ಬಸ್ಸಿನ ಹಿಂದ ಓಡೀನಿ. ನಾಳಿಂದ ಪವಿ ಕಡೆ ಗಾಡಿ ಕಲೀತೀನಿ. ನಾ ಎಷ್ಟು ಸಲ ಬೀಳ್ತೀನಿ, ಅಷ್ಟೂ ಸಲ ಹಿಂದ ನೀ ಕುಂತಿರಬೇಕು!"